ಹತ್ತುಮೀನು ಮತ್ತು ಕಲೆಕ್ಟರ್ ಥಾಮಸ್

ಮುಂಗಾರಿನ ಮೊದಲ ಜಡಿಮಳೆ ಬಿತ್ತೆಂದರೆ ಮಲೆನಾಡಿನವರಿಗೆ ನೆನಪಾಗುವುದು ಹತ್ತುಮೀನು. ಹೊಳೆಯಲ್ಲಿ ಕೆಂಪು ನೀರು ಏರಿದೊಡನೆ ಮೊಟ್ಟೆಯಿಡಲು ಹೊರಟ ಮೀನುಗಳು ಹಳ್ಳ ದಾಟಿ ಗದ್ದೆಗೆ ಹತ್ತುತ್ತವೆ. ಬದುವಿನ ಕಂಡಿಗೆ ಕೂಣಿ ಒಡ್ಡಿ, ಸೂಡಿಯ ಬೆಳಕಿನಲ್ಲಿ ಕತ್ತಿ ಹಿಡಿದು ಮೀನು ಕಡಿದ ಸಂಭ್ರಮ ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಇನ್ನೂ ಮರೆತಿಲ್ಲ. ನಾನೂ ಅಜ್ಜನ ಹಿಂದೆ ಬುಟ್ಟಿ ಹೊತ್ತು ಹೋದವನೇ. ಅಮ್ಮ ಮೀನು ಸೀಳಿದರೆ ಹೊಟ್ಟೆ ತುಂಬ ಮೊಟ್ಟೆ. ನಮಗೆ ಅದೇ ರುಚಿ. ನಾವು ಉಣ್ಣುತ್ತಿರುವುದು ಬರುವ ವರ್ಷದ ಮೀನನ್ನು ಎಂದು ಆಗ ಯಾರಿಗೂ ತೋಚಲಿಲ್ಲ.

ತೋಚಿದವರು ಹಿಂದೆ ಇದ್ದರು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ಅಶೋಕಸ್ತಂಭವನ್ನು ಅಲ್ಲಿನ ನಮ್ಮ ಬಂಧುಗಳು ನೋಡಿರಬಹುದು. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಅರಸ ಬರೆಸಿದ ಐದನೆಯ ಸ್ತಂಭಶಾಸನ ಅದರಲ್ಲಿದೆ. ಗಬ್ಬದ ಮತ್ತು ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಚಾತುರ್ಮಾಸ್ಯದ ಹುಣ್ಣಿಮೆಯೇ ಮೊದಲಾದ ಗೊತ್ತಾದ ದಿನಗಳಲ್ಲಿ ಮೀನು ಕೊಲ್ಲಲೂ ಬಾರದು, ಮಾರಲೂ ಬಾರದು ಎಂಬುದು ಅದರ ಆಜ್ಞೆ. ನಮ್ಮ ನಾಡಿನಲ್ಲಿ ಈ ಕೆಲಸವನ್ನು ದೇವರ ಹೆಸರು ಮಾಡಿತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇಂದಿಗೂ ಮೀನು ಹಿಡಿಯುವವರಿಲ್ಲ.

ಭಕ್ತಿಯ ಮಾತನ್ನು ಕಾಯ್ದೆಯ ಮಾತಾಗಿ ಆಡಿದವರಲ್ಲಿ ಒಬ್ಬ ನಮ್ಮ ಕರಾವಳಿಯ ಅಧಿಕಾರಿಯೇ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಜಿಲ್ಲೆಯ ಮೀನುಗಳ ಬಗ್ಗೆ 1870ರಲ್ಲಿ ಒಂದು ವರದಿ ಬರೆದ. 1873ರಲ್ಲಿ ಅವನ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಗಾಳ ಹಾಕುವುದು ಹೇಗೆಂದು ಕಲಿಸುವ ಪುಸ್ತಕ ಅದು. ಆದರೆ ಹೊಳೆಗೆ ವಿಷ ಬೆರೆಸಿ, ಸಣ್ಣ ಕಣ್ಣಿನ ಬಲೆಯೊಡ್ಡಿ ಮರಿಮೀನುಗಳನ್ನು ಸವರುವುದು ನಿಲ್ಲಬೇಕೆಂದು ವಾದಿಸಿದವನೂ ಅವನೇ. ಅದೇ ವರ್ಷ ಫ್ರಾನ್ಸಿಸ್ ಡೇ ಭಾರತ ಮತ್ತು ಬರ್ಮಾದ ಸಿಹಿನೀರ ಮೀನುಗಾರಿಕೆಯ ಕುರಿತು ತನ್ನ ದೊಡ್ಡ ವರದಿಯನ್ನು ಹೊರತಂದ.

ಇಂಗ್ಲೆಂಡಿನಲ್ಲಿ 1861ರ ಕಾಯ್ದೆ ಸಾಲ್ಮನ್ ಮೀನಿಗೆ ಬಿಡುವಿನ ಕಾಲವನ್ನು ಗೊತ್ತುಮಾಡಿತ್ತು. ನಮ್ಮಲ್ಲಿ ಅದು ಅಷ್ಟು ಸುಲಭವಲ್ಲ. ಒಂದೇ ಹೊಳೆಯಲ್ಲಿ ಹತ್ತಾರು ಜಾತಿಯ ಮೀನು, ಒಂದೊಂದಕ್ಕೆ ಒಂದೊಂದು ಕಾಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಡೈನಮೈಟು ಮತ್ತು ವಿಷವನ್ನು ಅಪರಾಧವೆಂದಿತು. ಬಲೆಯ ಕಣ್ಣಿನ ಅಳತೆ, ನಿರ್ದಿಷ್ಟ ನೀರಿನಲ್ಲಿ ಎರಡು ವರ್ಷದವರೆಗಿನ ನಿಷೇಧ ಇವುಗಳನ್ನು ಪ್ರಾಂತಗಳ ವಿವೇಚನೆಗೆ ಬಿಟ್ಟಿತು. ಕಾಗದದ ಮೇಲೆ ಕಾಯ್ದೆ ಬಂತು. ಮಳೆಗಾಲದ ರಾತ್ರಿ ಹಳ್ಳದ ದಂಡೆಯಲ್ಲಿ ಕಾವಲು ನಿಲ್ಲುವವರು ಬರಲಿಲ್ಲ.

ಸಮುದ್ರದ ಮಾತು ಬೇರೆ. ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುವಂತೆ ಕೇಂದ್ರ ಸರ್ಕಾರ ಗೊತ್ತುಮಾಡಿತು. ಮುಂಬಯಿಯ ಕೋಳಿ ಜನರು ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಕಡಲಿಗಿಳಿಯುವ ಪದ್ಧತಿಯಂತೂ ಯಾವ ಕಾಯ್ದೆಗಿಂತಲೂ ಹಳೆಯದು.

ಹಾಗಾದರೆ ನನ್ನ ಅಜ್ಜ ತಪ್ಪು ಮಾಡಿದನೆ? ವರ್ಷಕ್ಕೆ ನಾಲ್ಕು ರಾತ್ರಿ ಕೂಣಿಯೊಡ್ಡಿದ ಬಡ ರೈತನೂ ಡೈನಮೈಟು ಎಸೆದವನೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಆ ದಿನಗಳಲ್ಲಿ ಹೊಳೆ ತುಂಬ ಮೀನಿತ್ತು. ಕಳೆದ ಮಳೆಗಾಲ ಊರಿಗೆ ಹೋದಾಗ ಮೊಮ್ಮಗನಿಗೆ ತೋರಿಸೋಣವೆಂದು ಟಾರ್ಚು ಹಿಡಿದು ಅದೇ ಬದುವಿನ ಮೇಲೆ ಬಹಳ ಹೊತ್ತು ನಿಂತೆ. ನೀರು ಹತ್ತಿತು, ಮೀನು ಹತ್ತಲಿಲ್ಲ. ಅಜ್ಜ ಒಂದೆರಡು ತುಂಬುಬಸಿರಿನ ಮೀನನ್ನಾದರೂ ಬಿಟ್ಟುಬಿಡಬಹುದಿತ್ತು ಎಂದು ಅಂದು ಮೊದಲ ಬಾರಿಗೆ ಅನಿಸಿತು.