ಕರಗಿದ ಹೆಪ್ಪು

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ರಕ್ತನಾಳಗಳ ಗೊಡವೆ ಏಕೆಂದು ಕೇಳುಗರು ಶಂಕಿಸಬಹುದು. ಕಾರಣವಿದೆ. 1969ರಲ್ಲಿ ನಾನು ಹನ್ನೊಂದು ವರ್ಷದ ಹುಡುಗ. ಮನೆ ಬಿನ್ನಿಪೇಟೆಯಲ್ಲಿ, 1884ರಲ್ಲಿ ಸ್ಥಾಪಿತವಾಗಿದ್ದ ಮಿಲ್ಲಿನ ಸೈರನ್ನೇ ನಮ್ಮ ಗಡಿಯಾರ. ಅಲ್ಲಿ ಮಗ್ಗದ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪ ಒಂದು ಮುಂಜಾನೆ, ಎಡಗಾಲು ಜೋಮು ಹಿಡಿದಿದೆ, ತಣ್ಣಗಾಗಿದೆ ಎಂದರು. ಅಜ್ಜಿ ವಾಯುವೆಂದು ಬಗೆದು ಎಣ್ಣೆ ಕಾಸಿ ತಿಕ್ಕಿದರು. ಚಿಕ್ಕಪ್ಪ ಕುಂಟುತ್ತಲೇ ಪಾಳಿಗೆ ಹೋಗಿ ಬಂದರು. ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಒಯ್ಯುವ ವೇಳೆಗೆ ಪಾದ ಕಪ್ಪಿಟ್ಟಿತ್ತು. ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು.

ಬಾಲ್ಯದಲ್ಲಿ ಅವರಿಗೆ ಗಂಟಲುಬೇನೆ ಬಂದು, ಅದರ ಬೆನ್ನಿಗೇ ಕೀಲುಗಳು ಬಾತು ಜ್ವರ ಬಂದಿತ್ತಂತೆ. ಆ ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಅಲ್ಲಿ ಕಟ್ಟಿದ ಹೆಪ್ಪು ಸಿಡಿದು ಬಂದು ತೊಡೆಯ ಅಪಧಮನಿಯನ್ನು ಮುಚ್ಚಿತ್ತು. ಎಲ್ಲಕ್ಕೂ ಮೂಲ ಸ್ಟ್ರೆಪ್ಟೊಕಾಕಸ್ ಎಂಬ ಜೀವಾಣು. ಬಹುಕಾಲದ ಮೇಲೆ ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಹೆಪ್ಪನ್ನು ಕರಗಿಸುವ ಮೊದಲ ಮದ್ದು ದೊರೆತದ್ದೂ ಅದೇ ಕುಲದ ಜೀವಾಣುವಿನಿಂದ.

ಹಾಲಿಗೆ ಬಿಡುವ ಹೆಪ್ಪು, ರಕ್ತ ಕಟ್ಟುವ ಹೆಪ್ಪು, ನಮ್ಮ ಭಾಷೆಯಲ್ಲಿ ಎರಡೂ ಒಂದೇ. ಮೊಸರು ಮರಳಿ ಹಾಲಾಗದು. ರಕ್ತವೂ ಹಾಗೆಯೇ ಎಂದು ನಂಬಿದ್ದ ಕಾಲದಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಟಿಲೆಟ್ ಪ್ರಯೋಗವೊಂದನ್ನು ಮಾಡಿದರು. ಈ ಜೀವಾಣು ಬೆರೆತರೆ ರಕ್ತದ್ರವ ಹೆಪ್ಪುಗಟ್ಟಲಾರದೆಂಬುದು ಅವರ ಊಹೆ. ನಳಿಗೆಗಳಲ್ಲಿ ಹೆಪ್ಪು ಚೆನ್ನಾಗಿಯೇ ಕಟ್ಟಿತು, ಊಹೆ ಸುಳ್ಳಾಯಿತು. ಆದರೆ ಕಟ್ಟೆಯ ಮೇಲೆ ಉಳಿದಿದ್ದ ಆ ನಳಿಗೆಗಳತ್ತ ಸ್ವಲ್ಪ ಹೊತ್ತಿನ ನಂತರ ಕಣ್ಣು ಹಾಯಿಸಿದರೆ, ಕಟ್ಟಿದ್ದು ಮತ್ತೆ ನೀರಾಗಿತ್ತು! ಬೇಗನೆ ತೊಳೆದಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗಾರ್ನರ್ ಅವರೊಡನೆ ಟಿಲೆಟ್ ಇದನ್ನು ಪ್ರಕಟಿಸಿದ್ದು 1933ರಲ್ಲಿ. ಆ ದ್ರವ್ಯವೇ ಮುಂದೆ ಸ್ಟ್ರೆಪ್ಟೊಕೈನೇಸ್ ಎನಿಸಿತು. ಅದು ತಾನೇ ಹೆಪ್ಪನ್ನು ಕರಗಿಸುವುದಿಲ್ಲ. ನಮ್ಮ ರಕ್ತದಲ್ಲೇ ಮಲಗಿರುವ ಪ್ಲಾಸ್ಮಿನೋಜನ್ ಎಂಬುದನ್ನು ಎಬ್ಬಿಸಿ ಆ ಕೆಲಸಕ್ಕೆ ಹಚ್ಚುತ್ತದೆ.

ಎಬ್ಬಿಸಿದ್ದನ್ನು ಹದ್ದಿನಲ್ಲಿಡುವುದು ಕಷ್ಟ. ಕಾಲಿನ ಹೆಪ್ಪಿಗೆಂದು ಮೈಯ ರಕ್ತಕ್ಕೆಲ್ಲ ಮದ್ದು ಬೆರೆಸಿದರೆ ಮಿದುಳಿನಲ್ಲಿ ರಕ್ತ ಸೋರಬಹುದು. 1974ರಲ್ಲಿ ಆರೆಗಾನ್‌ನ ಚಾರ್ಲ್ಸ್ ಡಾಟರ್ ಒಂದು ದಾರಿ ತೋರಿದರು. ಸಣ್ಣ ಕೊಳವೆಯನ್ನು ಅಪಧಮನಿಯೊಳಗೆ ತೂರಿಸಿ, ಹೆಪ್ಪಿನ ಬಳಿಗೇ ಒಯ್ದು, ಗಂಟೆಗೆ ಒಂದು ಲಕ್ಷ ಯೂನಿಟ್ಟಿನ ಬದಲು ಐದು ಸಾವಿರದಂತೆ ಹನಿಸುವುದು. ತೋಟಕ್ಕೆಲ್ಲ ನೀರು ಹಾಯಿಸದೆ ಒಂದು ಗಿಡದ ಬುಡಕ್ಕಷ್ಟೇ ಬಿಟ್ಟಂತೆ. ಅಪಾಯ ತಗ್ಗಿತು, ಇಲ್ಲವಾಗಲಿಲ್ಲ.

ಸ್ಟ್ರೆಪ್ಟೊಕೈನೇಸಿಗೆ ಇನ್ನೊಂದು ತೊಡಕು. ಅದು ಜೀವಾಣುವಿನದಾದ್ದರಿಂದ ದೇಹ ಅದನ್ನು ಶತ್ರುವೆಂದೇ ಗುರುತಿಸುತ್ತದೆ. ಆದಕಾರಣ ಕಾಲಿನ ಚಿಕಿತ್ಸೆಯಲ್ಲಿ ಯೂರೊಕೈನೇಸ್, ಆಲ್ಟೆಪ್ಲೇಸ್ ಮುಂತಾದವು ಮುಂದೆ ಬಂದವು. ಅವೂ ಸರ್ವರೋಗಕ್ಕೆ ಸಂಜೀವಿನಿಯಲ್ಲ. 1994ರಲ್ಲಿ ಪ್ರಕಟವಾದ ಸ್ಟೈಲ್ ಎಂಬ ಪರೀಕ್ಷೆಯಲ್ಲಿ, ತೊಂದರೆ ಆರಂಭವಾಗಿ 14 ದಿನಗಳೊಳಗೆ ಬಂದವರಲ್ಲಿ ಮದ್ದು ಹೆಚ್ಚು ಕಾಲುಗಳನ್ನು ಉಳಿಸಿತು. ಹಳೆಯ ಅಡಚಣೆಗೆ ಶಸ್ತ್ರಚಿಕಿತ್ಸೆಯೇ ಮೇಲೆನಿಸಿತು. ಹಾಗೆಂದು 14 ದಿನ ಕಾಯಬಹುದೆಂದಲ್ಲ. ರಕ್ತ ಪೂರ್ತಿ ನಿಂತುಹೋದ ಕಾಲಿಗೆ ಸಾಮಾನ್ಯವಾಗಿ ಆರು ಗಂಟೆಯ ಗಡುವು. ಮದ್ದು ಕೆಲಸ ಮಾಡಲು ಹಲವು ಗಂಟೆಗಳು ಬೇಕಾದ್ದರಿಂದ, ಸ್ಪರ್ಶವೇ ಹೋಗುತ್ತಿರುವ ಕಾಲಿಗೆ ಶಸ್ತ್ರವೈದ್ಯರನ್ನೇ ಕರೆಯುತ್ತಾರೆ. ಚಿಕ್ಕಪ್ಪನಂಥವರಿಗೆ ಬಹುಶಃ ಫೋಗಾರ್ಟಿ ರೂಪಿಸಿ 1963ರಲ್ಲಿ ಪ್ರಕಟಿಸಿದ, ತುದಿಯಲ್ಲಿ ಬಲೂನುಳ್ಳ ಕೊಳವೆಯಿಂದ ಹೆಪ್ಪನ್ನು ಎಳೆದು ತೆಗೆಯುವುದೇ ಸರಿಯಾದ ಉಪಾಯವಾಗುತ್ತಿತ್ತು. ಯಾವ ಉಪಾಯಕ್ಕೂ ನಾವು ಹೊತ್ತನ್ನು ಉಳಿಸಿರಲಿಲ್ಲ.

ಅನಂತರವೂ ಎಷ್ಟೋ ವರ್ಷ ಮುಂಜಾನೆಯ ಸೈರನ್ ಕೇಳಿದೊಡನೆ ಚಿಕ್ಕಪ್ಪ ಎದ್ದು ಕೂರುತ್ತಿದ್ದರು. ಈಗ ಆ ಮಿಲ್ಲಿಲ್ಲ. ಆ ನೆಲದಲ್ಲಿ ಬಹುಮಹಡಿ ಮನೆಗಳೂ ಮಾಲೂ ಎದ್ದಿವೆ. ವೈದ್ಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕಾಲು ತಣ್ಣಗಾಗಿ, ಪಾದದ ನಾಡಿ ಸಿಕ್ಕದೆ ಬರುವವರಲ್ಲಿ ಎಣ್ಣೆ ತಿಕ್ಕಿಸಿಕೊಂಡು ಮರುದಿನ ಬರುವವರು ಇಂದಿಗೂ ಇದ್ದಾರೆ ಎಂದ.