ಮೂಳೆ ಕಟ್ಟುವ ಮನೆತನ

ಕರುವಿನ ಹಿಂಗಾಲಿನಲ್ಲಿ ಮಂಡಿ ಕೆಳಗಿನ ಮೂಳೆ ಮುರಿದರೆ ಬರೀ ಪ್ಲಾಸ್ಟರ್ ಸಾಲದು. ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಎರಡೂ ಅಲುಗಬಾರದು; ದನದ ಮಂಡಿಯೋ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ, ಪ್ಲಾಸ್ಟರ್ ಅಲ್ಲಿಯವರೆಗೆ ಏರುವುದಿಲ್ಲ. ಆಗ ನಾವು ಪಶುವೈದ್ಯರು ಥಾಮಸ್ ಸ್ಪ್ಲಿಂಟ್ ಕಟ್ಟುತ್ತೇವೆ. ತೊಡೆಸಂದಿಗೆ ಕೂರುವ ಕಬ್ಬಿಣದ ಬಳೆ, ಅದರಿಂದ ಇಳಿದು ಗೊರಸಿನ ಕೆಳಗೆ ಸೇರುವ ಎರಡು ಸರಳು, ಅಷ್ಟೇ. ಇದನ್ನು ಕೊಟ್ಟ ಮನೆತನದ ಬಗ್ಗೆ ನನಗೆ ತುಂಬಾ ಗೌರವವಿದೆ.

18ನೇ ಶತಮಾನದ ನಡುವಿನಲ್ಲಿ ವೇಲ್ಸ್‌ನ ಆಂಗಲ್‌ಸಿ ದ್ವೀಪದ ಬಳಿ ಹಡಗೊಂದು ಒಡೆದು, ಯಾರಿಗೂ ತಿಳಿಯದ ಭಾಷೆಯಾಡುವ ಹುಡುಗನೊಬ್ಬ ದಡ ಸೇರಿದ ಎನ್ನುತ್ತಾರೆ. ಸಾಕಿದವರು ಇವಾನ್ ಥಾಮಸ್ ಎಂದು ಹೆಸರಿಟ್ಟರು. ಅವನು ಮೊದಲು ಕೈಯಿಟ್ಟದ್ದು ಪ್ರಾಣಿಗಳ ಮುರಿದ ಕಾಲಿಗೆ, ಆಮೇಲೆ ಮನುಷ್ಯರ ಕಾಲಿಗೆ. ಕಸುಬು ಮಗನಿಗೆ, ಮೊಮ್ಮಗನಿಗೆ ಇಳಿಯಿತು.

ಅದೇ ಮನೆಯ, ಅದೇ ಹೆಸರಿನ ಇನ್ನೊಬ್ಬ ಇವಾನ್ ಥಾಮಸ್ ಲಿವರ್‌ಪೂಲಿಗೆ ಬಂದು ಬಂದರಿನ ಕೂಲಿಗಳ, ನಾವಿಕರ ಮೂಳೆ ಕೂಡಿಸತೊಡಗಿದ. ಓದಿದ ವೈದ್ಯರಿಗೆ ಸಹಿಸಲಾಗಲಿಲ್ಲ, ಕೋರ್ಟಿಗೆ ಎಳೆದರು. ಅವನು ಕಟಕಟೆ ಹತ್ತಿ ಇಳಿದು, ತನ್ನ ಐದೂ ಗಂಡುಮಕ್ಕಳನ್ನು ವೈದ್ಯ ಓದಲು ಕಳಿಸಿದ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಅಪ್ಪನ ನಿರ್ಧಾರವೇ.

ಹಿರಿಮಗ ಹ್ಯೂ ಓವನ್ ಥಾಮಸ್ (1834–1891) ಎಡಿನ್‌ಬರೋ, ಲಂಡನ್ನಿನಲ್ಲಿ ಓದಿ 1857ರಲ್ಲಿ ಪದವಿ ಪಡೆದ. ಅಪ್ಪನ ಜೊತೆ ಹೊಂದಿಕೆಯಾಗಲಿಲ್ಲ. ಬೇರೆಯಾಗಿ ನೆಲ್ಸನ್ ಸ್ಟ್ರೀಟಿನಲ್ಲಿ ಕುಳಿತ. ಯಾವ ದೊಡ್ಡಾಸ್ಪತ್ರೆಯ ಹುದ್ದೆಯೂ ಅವನಿಗಿರಲಿಲ್ಲ. ಭಾನುವಾರ ಬಡವರಿಗೆ ಬಿಟ್ಟಿ ಚಿಕಿತ್ಸೆ. ಸ್ಪ್ಲಿಂಟುಗಳಿಗೆ ಕಮ್ಮಾರನೂ ಚರ್ಮದ ಕೆಲಸದವನೂ ಕೈಗೆಟುಕುವಲ್ಲೇ ಇದ್ದರು. ಕ್ಷಯ ಹಿಡಿದ ಮಂಡಿಗೆ ಪೂರ್ಣ ವಿಶ್ರಾಂತಿ ಕೊಡಲೆಂದು ಅವನು ಮಾಡಿಸಿದ್ದೇ ಈ ಬಳೆ ಮತ್ತು ಸರಳು. 1875ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರೂ ದೊಡ್ಡವರು ಕಿವಿಗೊಡಲಿಲ್ಲ.

ಕಿವಿಗೊಟ್ಟಿದ್ದು ಮೊದಲ ಮಹಾಯುದ್ಧ. ತೊಡೆಮೂಳೆಗೆ ಗುಂಡು ಬಿದ್ದರೆ ಬಲವಾದ ಸ್ನಾಯುಗಳು ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆಯುತ್ತವೆ. ಸ್ಟ್ರೆಚರ್ ಕುಲುಕಿದಂತೆಲ್ಲ ಆ ತುದಿಗಳು ಮಾಂಸ ಕೊರೆಯುತ್ತವೆ, ತೊಡೆಯೊಳಗೇ ಲೀಟರುಗಟ್ಟಲೆ ರಕ್ತ ಸುರಿಯುತ್ತದೆ. ಯುದ್ಧದ ಆರಂಭದಲ್ಲಿ ಇಂಥ ನೂರು ಮಂದಿಯಲ್ಲಿ 80 ಜನ ಸಾಯುತ್ತಿದ್ದರೆಂದು ಹೇಳಿದವನು ಹ್ಯೂನ ಕೈಕೆಳಗೆ ಕಲಿತ ರಾಬರ್ಟ್ ಜೋನ್ಸ್. ಥಾಮಸ್ ಸ್ಪ್ಲಿಂಟನ್ನು ರಣರಂಗಕ್ಕೆ ಒಯ್ದವನೂ ಅವನೇ. ಬಳೆ ಪೃಷ್ಠದ ಮೂಳೆಗೆ ಒತ್ತಿ ನಿಲ್ಲುತ್ತದೆ, ಪಾದವನ್ನು ಕೆಳತುದಿಗೆ ಎಳೆದು ಕಟ್ಟಿದರೆ ಮೂಳೆ ನೆಟ್ಟಗಾಗುತ್ತದೆ. ಬೂಟು, ಪ್ಯಾಂಟು ಬಿಚ್ಚದೆ ಕಟ್ಟಬಹುದಿತ್ತು. ಕತ್ತಲಲ್ಲೂ ಕಟ್ಟಲಾಗಬೇಕೆಂದು ಸ್ಟ್ರೆಚರ್ ಹೊರುವವರಿಗೆ ಕಣ್ಣುಕಟ್ಟಿ ಅಭ್ಯಾಸ ಮಾಡಿಸಿದರು. ಸಾವು ನೂರಕ್ಕೆ 20ಕ್ಕೆ ಇಳಿಯಿತು. ಅದನ್ನು ನೋಡಲು ಹ್ಯೂ ಇರಲಿಲ್ಲ.

ನಮ್ಮಲ್ಲೂ ಬಿದಿರ ದಬ್ಬೆ ಕಟ್ಟಿ ಕಾಲು ಕೂಡಿಸುವವರಿದ್ದಾರೆ. ಅತಿಯಾಗಿ ಬಿಗಿದು ಕಟ್ಟಿ ಕರುವಿನ ಕಾಲು ಕೊಳೆತದ್ದನ್ನು ಕಂಡಿದ್ದೇನೆ. ಬೆರಳ ತುದಿಯಲ್ಲೇ ಮುರಿತ ಎಲ್ಲಿದೆಯೆಂದು ಹೇಳುವ ಹಿರಿಯರನ್ನೂ ಕಂಡಿದ್ದೇನೆ. ಅಂಥವರ ಮಕ್ಕಳು ನಮ್ಮ ಕಾಲೇಜುಗಳಿಗೆ ಬರಬೇಕು, ಬಂದಮೇಲೆ ಅಪ್ಪನ ಕಸುಬಿಗೆ ನಾಚಬಾರದು ಎಂಬುದು ನನ್ನ ಆಸೆ.

ಕರುವಿನ ಸ್ಪ್ಲಿಂಟನ್ನು ನಾನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸುತ್ತೇನೆ, ಮನೆ ಕಟ್ಟುವ ಕಂಬಿಯಿಂದ. ಬಳೆಗೆ ಹತ್ತಿ, ಅದರ ಮೇಲೆ ಬಟ್ಟೆ ದಪ್ಪಗೆ ಸುತ್ತಬೇಕು. ಕರುವನ್ನು ಮೊದಮೊದಲು ಕೈಕೊಟ್ಟು ಎಬ್ಬಿಸಬೇಕು, ಕಟ್ಟಿದ ಕಾಲು ಅಡಿಗೆ ಬೀಳದಂತೆ ಮಲಗಿಸಬೇಕು. ತೊಡೆಸಂದಿನಲ್ಲಿ ಚರ್ಮ ಉಜ್ಜಿ ಹುಣ್ಣಾಗಿದೆಯೇ ಎಂದು ದಿನವೂ ಕೈಯಾಡಿಸಿ ನೋಡಿ ಎಂದು ಮನೆಯ ಹೆಂಗಸರಿಗೆ ಹೇಳಿಬರುತ್ತೇನೆ. ಹಾಲು ಕುಡಿಸುವವರು ಅವರೇ.