ಚಾನೆಲ್ ನೂರು, ನೋಡೋದೇನು?

1975ರ ಆಗಸ್ಟ್ ತಿಂಗಳು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಸಂಜೆಯಾದರೆ ಸಾಕು, ಜನ ಒಂದು ಕಡೆ ಸೇರೋಕೆ ಶುರು ಮಾಡಿದರು. ಯಾಕೆ ಗೊತ್ತಾ? ಟೀವಿ ನೋಡೋಕೆ! ಬೆಂಗಳೂರಿಗೇ ಇನ್ನೂ ದೂರದರ್ಶನ ಕೇಂದ್ರ ಬಂದಿರಲಿಲ್ಲ. ಆದರೆ ಈ ಹಳ್ಳಿಗಳಿಗೆ ಟೀವಿ ಬಂದಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೋ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಬೇಸಾಯ, ಆರೋಗ್ಯ, ಶಾಲೆಯ ಪಾಠ ಪ್ರಸಾರವಾಯಿತು. ಊರಿಗೆಲ್ಲ ಒಂದೇ ಪೆಟ್ಟಿಗೆ, ಅದರಲ್ಲಿ ಒಂದೇ ಚಾನೆಲ್.

ಬೆಂಗಳೂರು ಕೇಂದ್ರ ಶುರುವಾಗಿದ್ದು 1981ರಲ್ಲಿ. ಮರುವರ್ಷ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು. 1987ರಲ್ಲಿ ರಾಮಾಯಣ ಬಂದಾಗ ಭಾನುವಾರ ಬೆಳಗ್ಗೆ ಬೀದಿಗಳೇ ಖಾಲಿ. ಟೀವಿ ಇದ್ದವರ ಮನೆಯ ಹಜಾರದಲ್ಲಿ ಅಕ್ಕಪಕ್ಕದವರೆಲ್ಲ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಹಾಗಂತ ಅದು ಚಿನ್ನದ ಕಾಲವೇನಲ್ಲ. ಸೈಟ್ ನಡೆದ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು ಅನ್ನೋದನ್ನ ಮರೆಯಬಾರದು. ಆಮೇಲೂ ಸರ್ಕಾರ ಹೇಳಿದ್ದೇ ಸುದ್ದಿ. ಮಂತ್ರಿಗಳು ಟೇಪ್ ಕತ್ತರಿಸೋದನ್ನ ನೋಡಿ ನೋಡಿ ಜನ ಬೇಸತ್ತಿದ್ದರು.

1991ರಲ್ಲಿ ಸ್ಟಾರ್ ಬಂತು, 1992ರಲ್ಲಿ ಝೀ, 1994ರಲ್ಲಿ ನಮ್ಮ ಉದಯ. ಕಂಬದಿಂದ ಕಂಬಕ್ಕೆ ಕೇಬಲ್ ಹಬ್ಬಿತು. 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ, ಸುಪ್ರೀಂ ಕೋರ್ಟ್ ದೊಡ್ಡ ಮಾತು ಹೇಳಿತು. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು. ಅದರ ಮೇಲೆ ಸರ್ಕಾರದ ಏಕಸ್ವಾಮ್ಯವೂ ಸಲ್ಲದು, ಖಾಸಗಿಯವರ ಏಕಸ್ವಾಮ್ಯವೂ ಸಲ್ಲದು. ನಾಗರಿಕನಿಗೆ ಹಲವು ಅಭಿಪ್ರಾಯ ಕೇಳುವ ಹಕ್ಕಿದೆ. ಇದು ತೀರ್ಪಿನ ತಿರುಳು.

ಕೋರ್ಟ್ ಬಯಸಿದ್ದು ಹಲವು ದನಿ. ನಮಗೆ ಸಿಕ್ಕಿದ್ದು ಹಲವು ಚಾನೆಲ್. ಎರಡೂ ಒಂದೇ ಅಂದುಕೊಂಡಿದ್ದೇ ಎಡವಟ್ಟು.

ಇವತ್ತು ದೇಶದಲ್ಲಿ ಅನುಮತಿ ಪಡೆದ ಖಾಸಗಿ ಉಪಗ್ರಹ ಚಾನೆಲ್‌ಗಳು ಎಂಟುನೂರಕ್ಕೂ ಹೆಚ್ಚು. 2019ರಲ್ಲಿ ಟ್ರಾಯ್ ಹೊಸ ನಿಯಮ ತಂದಾಗ 130 ರೂಪಾಯಿ, ಮೇಲೆ ತೆರಿಗೆ ಕೊಟ್ಟರೆ ನೂರು ಚಾನೆಲ್ ಅಂದರು. ಬೇಕಾದ್ದನ್ನೇ ಆರಿಸಿಕೊಳ್ಳಿ ಅಂದರು. ಸರಿ, ಆರಿಸೋಣ. ರಾತ್ರಿ ಒಂಬತ್ತಕ್ಕೆ ರಿಮೋಟ್ ಒತ್ತಿ ನೋಡಿ. ಇಲ್ಲೂ ಅದೇ ಜಗಳ, ಅಲ್ಲೂ ಅದೇ ಜಗಳ. ಇಲ್ಲಿ ಕೂಗಿದವರೇ ಅಲ್ಲಿಗೂ ಹೋಗಿ ಕೂಗ್ತಾರೆ. ಜಾಹೀರಾತು ಬರೋದೂ ಒಟ್ಟಿಗೇ!

ಯಾಕೆ ಹೀಗೆ? ಲೆಕ್ಕ ಸರಳ. ಸುದ್ದಿ ಚಾನೆಲ್‌ಗಳ ಹೊಟ್ಟೆ ತುಂಬೋದು ಹೆಚ್ಚಾಗಿ ಜಾಹೀರಾತಿನಿಂದ. ಜಾಹೀರಾತು ಬರೋದು ಟಿಆರ್‌ಪಿ ನೋಡಿ. ಆ ಟಿಆರ್‌ಪಿಯನ್ನ ಅಳೆಯೋದು ಕೋಟ್ಯಂತರ ಟೀವಿ ಮನೆಗಳ ಪೈಕಿ ಹತ್ತಾರು ಸಾವಿರ ಮನೆಗಳಲ್ಲಿಟ್ಟ ಮೀಟರ್. ಒಬ್ಬರಿಗೆ ಅಂಕ ಬಂದ ಸುದ್ದಿಯನ್ನ ಉಳಿದವರು ಬಿಡೋಕೆ ಹೆದರ್ತಾರೆ. ಜೊತೆಗೆ ಖರ್ಚು ಬೇರೆ. ದೂರದ ತಾಲೂಕಿಗೆ ವರದಿಗಾರ, ಕ್ಯಾಮೆರಾ, ಗಾಡಿ ಕಳಿಸೋದಕ್ಕಿಂತ ಸ್ಟುಡಿಯೋದಲ್ಲಿ ನಾಲ್ಕು ಜನರನ್ನ ಕೂರಿಸೋದು ಅಗ್ಗ. ಈ ಸಂತೆಯಲ್ಲಿ ಅಂಗಡಿ ಇಟ್ಟವರಲ್ಲಿ ನಾವೂ ಒಬ್ಬರು, ಅದಕ್ಕೇ ಇದರ ಲೆಕ್ಕ ಗೊತ್ತು.

ಇದರಲ್ಲಿ ಸೋಲೋರು ಯಾರು? ಅದೇ ರಾಯಚೂರಿನ ಹಳ್ಳಿಯವರು. 1975ರಲ್ಲಿ ಒಂದೇ ಪೆಟ್ಟಿಗೆ ಅವರ ಹೊಲದ ಬಗ್ಗೆ, ಮಕ್ಕಳ ಆರೋಗ್ಯದ ಬಗ್ಗೆ ಮಾತಾಡ್ತಿತ್ತು. ಇವತ್ತು ಮನೆಮನೆಯಲ್ಲೂ ಪೆಟ್ಟಿಗೆ ಇದೆ. ಆದರೆ ಊರಿನ ನೀರು ಕೆಟ್ಟರೆ, ಶಾಲೆಗೆ ಮೇಷ್ಟ್ರು ಬರದಿದ್ದರೆ, ನೂರು ಚಾನೆಲ್ ತಿರುಗಿಸಿದರೂ ಆ ಊರಿನ ಹೆಸರು ಕೇಳಿಸುತ್ತೆ ಅನ್ನೋ ಖಾತ್ರಿ ಇಲ್ಲ.

‘ಜನ ನೋಡ್ತಾರೆ, ಅದಕ್ಕೇ ತೋರಿಸ್ತೀವಿ’ ಅನ್ನೋದು ನಮ್ಮ ಕಸುಬಿನ ಹಳೇ ಸಮಜಾಯಿಷಿ. ಅದನ್ನ ಒಪ್ಪಿಕೊಂಡು ಸುಮ್ಮನಾಗಬೇಡಿ. ತರಂಗ ನಿಮ್ಮದು ಅಂತ ದೇಶದ ಅತಿ ದೊಡ್ಡ ಕೋರ್ಟೇ ಹೇಳಿದೆ. ನಮ್ಮೂರಿನ ಸುದ್ದಿ ಎಲ್ಲಿ ಅಂತ ಕೇಳಿ, ನಮ್ಮನ್ನೂ ಸೇರಿಸಿ ಎಲ್ಲರನ್ನೂ ಕೇಳಿ.